ಕಾಳಮ್ಮ ಗೆದ್ದುಕೊಂಡ ಪಾತ್ರೆಗಳು

ಕಾಳಮ್ಮನ ಹೆಸರಿಗೆ ಬಂದ ಮೊದಲ ಪಾರ್ಸೆಲ್ಲು ಸೇರಿದ್ದು ಅವಳ ಗಂಡ ನಾಗರಾಜುವಿನ ಕೈಗೆ. ಅದೂ ಸೋಮವಾರಪೇಟೆಯ ಸಂತೆಯ ದಿನ, ಪಾತ್ರೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ. ಮನೆ ಅಂಗಡಿಯ ಹಿಂಭಾಗದಲ್ಲೇ ಇದ್ದುದರಿಂದ ಎರಡಕ್ಕೂ ಒಂದೇ ವಿಳಾಸ. ಕೊರಿಯರಿನವನು ಗಿರಾಕಿಗಳ ತಲೆಯ ಮೇಲಿಂದ ಡಬ್ಬ ದಾಟಿಸಿ, ಫೋನಿನ ಮೇಲೆ ಬೆರಳಲ್ಲಿ ಸಹಿ ಹಾಕಿಸಿಕೊಂಡು ಹೋದ. ಯಾವುದೋ ಕಂಪನಿಯವರು ಸ್ಯಾಂಪಲ್ಲು ಕಳಿಸಿರಬೇಕು ಎಂದುಕೊಂಡು ನಾಗರಾಜು ಗಲ್ಲಾದ ಮೇಲಿಟ್ಟೇ ಅದನ್ನು ಬಿಚ್ಚಿದ.

ಒಳಗಿದ್ದದ್ದು ಒಂದು ಹಾಟ್ ಬಾಕ್ಸ್. ಮುಚ್ಚಳದ ಸುತ್ತ ತಿಳಿನೀಲಿ ಹೂವಿನ ಸಾಲು. ಅವನ ಬೆನ್ನ ಹಿಂದಿನ ಹಲಗೆಯ ಮೇಲೆ ಅದೇ ಕಂಪನಿಯ, ಅದೇ ಅಳತೆಯ, ಅದೇ ನೀಲಿ ಹೂವಿನ ಮೂರು ಹಾಟ್ ಬಾಕ್ಸುಗಳು ಕೂತಿದ್ದವು.

ಕಾಫಿ ತೋಟದ ಕೂಲಿಮನೆಗಳ ಲೈನಿನಿಂದ ಬಂದಿದ್ದ ಚೋಮಿ ಚೌಕಾಸಿ ಮಾಡುವುದನ್ನು ಬಿಟ್ಟು ಇಣುಕಿದಳು. "ಅಣ್ಣಾ, ಇದು ಅಕ್ಕನ ಹೆಸರಿಗೆ ಬಂದದ್ದಲ್ವಾ? ನಿಮ್ಮ ಮನೆಯವರೇ ಆನ್‌ಲೈನಲ್ಲಿ ತರ್ಸ್ತಾರಾ?"

"ಯಾರೋ ತಪ್ಪಿ ಕಳ್ಸಿದಾರೆ."

"ತಪ್ಪಿದ್ದಲ್ಲ. ಹೆಸರು ಬರೆದೈತಲ್ಲ, ಕಾಳಮ್ಮ ಅಂತ. ಅಲ್ಲಿ ಎಷ್ಟಕ್ಕೆ ಸಿಗ್ತದೆ ಅಣ್ಣಾ?"

ನಾಗರಾಜು ಬಿಲ್ಲು ನೋಡಿದ. ಸಾವಿರದ ನೂರ ಮೂವತ್ತು. ಅದರ ಕೆಳಗೆ ಸಾಗಾಣಿಕೆ ಎಂದು ತೊಂಬತ್ತು. ಅವನ ಅಂಗಡಿಯಲ್ಲಿ ಅದಕ್ಕೆ ಎಂಟುನೂರ ಎಪ್ಪತ್ತೈದು. ಬಿಲ್ಲನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಕುಕ್ಕರ್ ತಗೊಳ್ತೀಯಾ ಇಲ್ವಾ ಹೇಳು," ಎಂದ.

"ಅಕ್ಕನ್ನ ಒಂದು ಮಾತು ಕೇಳಿ ಬರ್ತೀನಿ ತಡೀರಿ," ಎಂದು ಚೋಮಿ ಕುಕ್ಕರನ್ನು ಕೆಳಗಿಟ್ಟಳು.

ಮಧ್ಯಾಹ್ನ ಊಟಕ್ಕೆ ಒಳಗೆ ಬಂದವನು ಹಾಟ್ ಬಾಕ್ಸನ್ನು ಮೇಜಿನ ಮೇಲೆ ಕುಕ್ಕಿದ. ಕಾಳಮ್ಮ ಮುದ್ದೆ ಕಟ್ಟುತ್ತಿದ್ದಳು. ಮಗ ಲೋಹಿತ್ ಆಗಲೇ ತಟ್ಟೆಯ ಮುಂದೆ ಕೂತಿದ್ದ.

"ಇದೇನು?"

"ಹಾಟ್ ಬಾಕ್ಸು."

"ಅದು ಕಾಣ್ತದೆ. ಅಂಗಡೀಲಿ ಮೂರು ಐತೆ. ಕೇಳಿದ್ರೆ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ರಿ," ಎಂದಳು ಕಾಳಮ್ಮ, ಮುದ್ದೆಯನ್ನು ಅವನ ತಟ್ಟೆಗಿಡುತ್ತ. "ಮುಚ್ಚಳ ಒಡೆದದ್ದು."

ಲೋಹಿತ್ ಬಿಲ್ಲು ಇಸಿದುಕೊಂಡು ಓದಿದ. "ಅಮ್ಮ, ಮುನ್ನೂರ ನಲವತ್ತೈದು ರೂಪಾಯಿ ಜಾಸ್ತಿ ಕೊಟ್ಟಿದ್ದೀಯ. ಹತ್ತು ಹೆಜ್ಜೆ ಮುಂದೆ ಬಂದಿದ್ರೆ ಅಂಗಡೀಲೇ ಸಿಗ್ತಿತ್ತು. ಇದನ್ನ ಕೊಂಡ್ಕೊಳ್ಳೋಕೆ ಅಲ್ಲಿಗ್ಯಾಕೆ ಹೋದೆ?"

"ನಾನು ಕೊಂಡ್ಕೊಳ್ಳಲಿಲ್ಲ ಕಣೋ. ಹರಾಜಲ್ಲಿ ಗೆದ್ದೆ."

ಹಾಗೆ ಹೇಳುವಾಗ ಅವಳ ಮುಖದಲ್ಲಿ ಬಂದುಹೋದ ಬೆಳಕನ್ನು ಅಪ್ಪ ಮಗ ಇಬ್ಬರೂ ನೋಡಿದರು. ಆಮೇಲೆ ತಟ್ಟೆಯ ಸಾರಿಗೆ ಕೈಯಿಟ್ಟರು.

*

ಹರಾಜು ನಡೆಯುತ್ತಿದ್ದ ಫೋನು ಸೊಸೆ ಸೌಮ್ಯಳದ್ದು. ಅವಳು ಪೇಟೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಹೊಸ ಫೋನು ಕೊಂಡಾಗ ಹಳೆಯದನ್ನು ಅತ್ತೆಗೆ ಕೊಟ್ಟು, ಅವಳ ಬ್ಯಾಂಕಿನ ಖಾತೆಯನ್ನೂ ಅದಕ್ಕೆ ಜೋಡಿಸಿಕೊಟ್ಟಿದ್ದಳು. ಕಾಳಮ್ಮ ಹಪ್ಪಳ ಮಾಡಿ ನಾಲ್ಕಾರು ಅಂಗಡಿಗೆ ಕೊಡುತ್ತಿದ್ದುದರಿಂದ ಖಾತೆಯಲ್ಲಿ ಅವಳದೇ ಅಂತ ಒಂದಿಷ್ಟು ದುಡ್ಡಿರುತ್ತಿತ್ತು. ಅಡುಗೆಯ ವಿಡಿಯೋ ನೋಡುವಾಗ ಒಂದು ದಿನ ಹರಾಜಿನ ಜಾಹೀರಾತು ಬಂತು. ಎಲ್ಲಕ್ಕೂ ತೊಂಬತ್ತೊಂಬತ್ತು ರೂಪಾಯಿಯಿಂದ ಶುರು ಎಂದಿತ್ತು. ಒತ್ತಿದಳು.

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮನೆ ಅವಳೊಬ್ಬಳದೇ. ಗಂಡ, ಮಗ ಅಂಗಡಿಯಲ್ಲಿ, ಸೊಸೆ ಶಾಲೆಯಲ್ಲಿ. ಅವಳು ತಾರಸಿಯ ಮೇಲೆ ಹಪ್ಪಳ ಹರವಿ, ನೀರಿನ ಟ್ಯಾಂಕಿನ ನೆರಳಲ್ಲಿ ಗೋಡೆಗೊರಗಿ ಕಾಗೆ ಕಾಯುತ್ತ ಕೂರುತ್ತಿದ್ದಳು. ಮಾರ್ಚಿನ ಮೊದಲ ವಾರ ಒಂದು ಮಳೆ ಬಿದ್ದು ಹೋಗಿತ್ತು. ಅದಾಗಿ ಒಂಬತ್ತು ದಿನಕ್ಕೆ ಪೇಟೆಯ ಸುತ್ತಲಿನ ತೋಟಗಳೆಲ್ಲ ಒಂದೇ ಬೆಳಗಿಗೆ ಬಿಳಿಯಾದವು. ಕಾಫಿ ಹೂವಿನ ವಾಸನೆ ಬಸ್ ಸ್ಟ್ಯಾಂಡಿನ ಹೊಗೆಯನ್ನೂ ದಾಟಿ ತಾರಸಿಗೆ ಬರುತ್ತಿತ್ತು. ಆ ಕಂಪಿನಲ್ಲಿ ಕಣ್ಣು ಎಳೆಯುತ್ತಿತ್ತು. ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಆ ಹೊತ್ತಿನಲ್ಲಿ ಫೋನಿನ ಪರದೆಯ ಮೇಲೆ ಪಾತ್ರೆಗಳು ಒಂದೊಂದಾಗಿ ತೇಲಿಬರುತ್ತಿದ್ದವು. ಒಂದರ ಮೈಮೇಲೂ ಗೆರೆಯಿಲ್ಲ, ತಗ್ಗಿಲ್ಲ. ಪ್ರತಿಯೊಂದರ ಕೆಳಗೂ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು.

ಅಲ್ಲಿ ಸವಾಲು ಕೂಗುವವರ ಹೆಸರೂ ಕಾಣುತ್ತಿತ್ತು. ತುಂಗಾ 58, ಶಿವು ಅರಕಲಗೂಡು, ವೀಣಾ ಎಸ್. ಅವರಲ್ಲಿ ವೀಣಾ ಎಸ್. ಎಂಬಾಕೆ ಕಾಳಮ್ಮ ಮೆಚ್ಚಿದ್ದನ್ನೇ ಮೆಚ್ಚುತ್ತಿದ್ದಳು. ಕಾಳಮ್ಮ ಇನ್ನೂರ ಐವತ್ತು ಎಂದರೆ ಅವಳು ಮುನ್ನೂರು. ಎರಡು ನಿಮಿಷ ಸುಮ್ಮನಿದ್ದು ಕಾಳಮ್ಮ ಮುನ್ನೂರ ಐವತ್ತು ಎಂದರೆ, ಅವಳೂ ಎರಡು ನಿಮಿಷ ಸುಮ್ಮನಿದ್ದು ನಾನೂರು ಎನ್ನುತ್ತಿದ್ದಳು. ಯಾರೋ ಗೋಡೆಯಾಚೆಯಿಂದ ತಟ್ಟಿ ಮಾತಾಡಿಸಿದ ಹಾಗಿರುತ್ತಿತ್ತು ಅದು. ಅವಳಿಗೆ ತನ್ನಷ್ಟೇ ವಯಸ್ಸು, ಕನ್ನಡಕ ಹಾಕುತ್ತಾಳೆ, ಅವಳ ಅಡುಗೆಮನೆಗೆ ಪೂರ್ವದ ಕಿಟಕಿಯಿದೆ ಎಂದೆಲ್ಲ ಕಾಳಮ್ಮ ಅಂದುಕೊಂಡಿದ್ದಳು. ಸಾರು ಕುದಿಯುವಾಗ ಸೌಟು ಹಿಡಿದು ನಿಂತು, ವೀಣಾ ಈಗ ಏನು ಮಾಡುತ್ತಿರಬಹುದು ಎಂದು ಯೋಚಿಸುವುದೂ ಇತ್ತು.

ಹಾಟ್ ಬಾಕ್ಸು ಬಂದ ನಂತರ ಮತ್ತೂ ಮೂರು ಪಾರ್ಸೆಲ್ಲು ಬಂದವು. ಹಿತ್ತಾಳೆಯ ಕಾಫಿ ಫಿಲ್ಟರು, ಐದು ಸ್ಟೀಲು ಡಬ್ಬಿಗಳ ಒಂದು ಸೆಟ್ಟು, ಗಾಜಿನ ಉಪ್ಪಿನಕಾಯಿ ಜಾಡಿ. ನಾಗರಾಜು ಕೊರಿಯರಿನವನಿಗೆ ಹಿತ್ತಿಲ ಬಾಗಿಲು ತೋರಿಸಿ, "ಇನ್ಮೇಲೆ ಏನಿದ್ರೂ ಅಲ್ಲಿಂದ," ಎಂದ. ಆದರೆ ಹೊತ್ತು ಮೀರಿತ್ತು. ಚೋಮಿ ಲೈನಿನಲ್ಲಿ ಹೇಳಿದ್ದಳು, ಲೈನಿನವರು ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿದ್ದರು. ಪಾತ್ರೆ ಅಂಗಡಿಯವರ ಹೆಂಡತಿಯೇ ಆನ್‌ಲೈನಲ್ಲಿ ತರಿಸುತ್ತಾಳೆ ಅಂದರೆ ಅಲ್ಲಿ ಅಗ್ಗವಿರಲೇಬೇಕು ಎಂದು ಊರು ತೀರ್ಮಾನ ಮಾಡಿತು. ಬಂದವರು ತವೆಯ ತೂಕ ನೋಡುವ ಮೊದಲು ಫೋನು ತೆಗೆಯತೊಡಗಿದರು. ಪಕ್ಕದ ಹಾರ್ಡ್‌ವೇರ್ ಅಂಗಡಿಯ ಅಪ್ಪಯ್ಯ ಮೆಟ್ಟಿಲ ಮೇಲೆ ನಿಂತು, "ನಾಗರಾಜಣ್ಣ, ನಮಗೂ ಒಂದು ಬಕೆಟ್ ತರ್ಸಿಕೊಡೋಕೆ ಹೇಳಿ ಅತ್ತಿಗೇಗೆ," ಎಂದು ನಕ್ಕ.

"ಜಾಸ್ತಿ ಕೊಟ್ಟು ತರ್ಸಿದಾಳೆ ಅಂತ ಹೇಳಿಬಿಡೋಣ ಅಪ್ಪ," ಎಂದ ಲೋಹಿತ್, ಒಂದು ಸಂಜೆ ಷಟರ್ ಎಳೆಯುತ್ತ. "ಹೋದ ವಾರ ಆರು ಕುಕ್ಕರು ಹೋಗಿತ್ತು. ಈ ವಾರ ಒಂದು."

"ಹೇಳಿದ್ರೆ ಏನಾಗ್ತದೆ? ನಾಗರಾಜುವಿನ ಹೆಂಡ್ತಿ ದಡ್ಡಿ ಅಂತಾರೆ. ಹೇಳದಿದ್ರೆ ನಾಗರಾಜು ಕಳ್ಳ ಅಂತಾರೆ." ಅವನು ಬೀಗದ ಕೈ ಸಿಕ್ಕಿಸಿ ತಿರುಗಿಸಿದ. "ಇರ್ಲಿ. ನನ್ನನ್ನೇ ಅನ್ನಲಿ."

*

ಸೌಮ್ಯಳಿಗೆ ಇದು ಮೊದಲು ನಗೆಯ ವಿಷಯವಾಗಿತ್ತು. ಮನೆಯಲ್ಲಿ ಗಂಡಸರ ಮುಖ ದಿನದಿಂದ ದಿನಕ್ಕೆ ಬಿಗಿಯುವುದನ್ನು ಕಂಡಮೇಲೆ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದವಳು ಚೂಡಿದಾರದ ವೇಲನ್ನು ಸೊಂಟಕ್ಕೆ ಕಟ್ಟಿ ತಾರಸಿಗೆ ಹತ್ತಿದಳು. ಇಬ್ಬರೂ ಹಪ್ಪಳ ಮಗುಚಿ ಹಾಕಿದರು.

"ಅತ್ತೆ, ಒಂದು ಕೇಳ್ಲಾ? ಈ ಫಿಲ್ಟರಿಗೆ ನೀವು ಎಷ್ಟು ಅಂದ್ಕೊಂಡು ಶುರು ಮಾಡಿದ್ರಿ?"

"ಐನೂರು ದಾಟಬಾರ್ದು ಅಂತ."

"ಕೊಟ್ಟದ್ದು ಸಾವಿರದ ನಾನೂರು. ನಮ್ಮ ಅಂಗಡೀಲಿ ಸಾವಿರದ ನೂರು. ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಮತ್ತೆ?"

ಕಾಳಮ್ಮ ಒಂದು ಹಪ್ಪಳದ ಅಂಚು ಮುರಿದಿದ್ದನ್ನು ಬೆರಳಲ್ಲಿ ಒತ್ತಿ ಸರಿಮಾಡಲು ನೋಡಿದಳು. "ಬೆಳಿಗ್ಗೆ ಹತ್ತಕ್ಕೆ ನಾನು ಇನ್ನೂರು ಹಾಕಿದ್ದೆ. ಮೂರು ಗಂಟೆವರೆಗೂ ನನ್ನದೇ ಮೇಲಿತ್ತು. ಅಷ್ಟು ಹೊತ್ತಿಗೆ ಅದು ನನ್ನ ಮನೆಗೆ ಬಂದಾಗಿತ್ತು ಕಣೆ. ಒಲೆ ಪಕ್ಕ ಎಲ್ಲಿ ಇಡೋದು ಅಂತ ಜಾಗಾನೂ ಮಾಡಿದ್ದೆ. ಅದರಲ್ಲಿ ಡಿಕಾಕ್ಷನ್ ಇಳಿಯೋದು ಕೇಳಿಸ್ತಿತ್ತು. ಆಮೇಲೆ ಯಾರೋ ಬಂದು ಅದರ ಮೇಲೆ ಕೈಯಿಟ್ರೆ ನಾನು ಸುಮ್ಮನಿರ್ಲಾ? ಐವತ್ತು ರೂಪಾಯಿ ಹಾಕಿದ್ರೆ ನನ್ನದು ನನಗೇ ವಾಪಸ್ ಬರ್ತದೆ. ಆಮೇಲೆ ಇನ್ನೊಂದು ಐವತ್ತು. ಪ್ರತಿ ಸಲಾನೂ ಬರೀ ಐವತ್ತೇ ಅಲ್ವಾ?"

"ಅಂಗಡೀಲಿರೋದೂ ಅದೇ ಫಿಲ್ಟರು ಅತ್ತೆ."

"ಅಂಗಡೀಲಿರೋದು ಸುಮ್ಮನೆ ಕೂತಿರ್ತದೆ. ಯಾರಿಗೂ ಬೇಡದ ಹಾಗೆ. ಇಲ್ಲಿ ಹತ್ತು ಜನ ಬೇಕು ಬೇಕು ಅಂತಿದ್ರು. ಹತ್ತು ಜನಕ್ಕೆ ಬೇಕಾದದ್ದು ನನಗೆ ಸಿಕ್ತು." ಸೆರಗಿಗೆ ಕೈ ಒರೆಸಿ, "ಅಭಿನಂದನೆ ಕಾಳಮ್ಮ ಅಂತ ಬಂತು. ಚಿತ್ರ ತೆಗೆದಿಟ್ಟಿದ್ದೀನಿ, ತೋರಿಸ್ತೀನಿ ಬಾ," ಎಂದಳು.

ಸೌಮ್ಯ ನೋಡಿದಳು. ಬಣ್ಣದ ಕಾಗದದ ಚೂರುಗಳು ಉದುರುವ ಚಿತ್ರದ ನಡುವೆ ಅತ್ತೆಯ ಹೆಸರು ದೊಡ್ಡದಾಗಿತ್ತು. ಅವಳು ನಗಲಿಲ್ಲ. ಬಿಸಿಲು ಇಳಿಯುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು.

*

ಜಗಳ ಆದದ್ದು ಶಾವಿಗೆಯ ದಿನ.

ಮನೆಯಲ್ಲೊಂದು ಶಾವಿಗೆ ಒರಳಿತ್ತು. ಮೂರು ಕಾಲಿನ ಹಿತ್ತಾಳೆ ಒರಳು. ಮೇಲಿನ ಹಿಡಿ ತಿರುಗಿಸಿದರೆ ಬಿಸಿ ಹಿಟ್ಟಿನ ಉಂಡೆ ತೂತುಗಳಿಂದ ಎಳೆಯೆಳೆಯಾಗಿ ಇಳಿಯಬೇಕು. ಯಾರೋ ಕೊಂಡು, ತಿರುಪು ಜಾರುತ್ತದೆ ಎಂದು ವಾಪಸ್ಸು ತಂದಿದ್ದನ್ನು ನಾಗರಾಜು ಹದಿನಾರು ವರ್ಷದ ಹಿಂದೆ ಮನೆಗೆ ಕೊಟ್ಟಿದ್ದ. ಒಬ್ಬರು ಕಾಲು ಹಿಡಿದು, ಇನ್ನೊಬ್ಬರು ಮೈಭಾರ ಹಾಕಿ ತಿರುಗಿಸಬೇಕು. ಆ ಭಾನುವಾರ ಸೌಮ್ಯ ಹಿಡಿದಿದ್ದಳು, ಕಾಳಮ್ಮ ತಿರುಗಿಸುತ್ತಿದ್ದಳು. ತಿರುಪು ಜಾರಿತು. ಒರಳು ಪಕ್ಕಕ್ಕೆ ಮಗುಚಿ ಹಬೆಯಾಡುವ ಹಿಟ್ಟು ಸೌಮ್ಯಳ ಅಂಗೈಗೆ ಮೆತ್ತಿಕೊಂಡಿತು.

ಅವಳು ಕೂಗಿದ್ದಕ್ಕೆ ಅಪ್ಪ ಮಗ ಇಬ್ಬರೂ ಓಡಿಬಂದರು. ಲೋಹಿತ್ ಹೆಂಡತಿಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದ. ನಾಗರಾಜು ಒರಳನ್ನು ಎತ್ತಿ ನಿಲ್ಲಿಸಿ ತಿರುಪು ನೋಡಿದ.

"ನಾಳೆ ಇದನ್ನ ರಿಪೇರಿ ಮಾಡಿಸ್ತೀನಿ."

"ಬೇಡ," ಎಂದಳು ಕಾಳಮ್ಮ. "ಹರಾಜಿನಲ್ಲಿ ಒಂದು ಒರಳು ಬಂದೈತೆ. ಮುಂದಿನ ವಾರ ಐತೆ. ಅದನ್ನ ತಗೋತೀನಿ."

"ಮತ್ತೆ ಹರಾಜು! ಇಡೀ ಪೇಟೆ ನನ್ನ ನೋಡಿ ನಗ್ತಾ ಐತೆ. ಅಂಗಡೀಲಿ ಒರಳು ನಾಲ್ಕು ಐತಲ್ಲೇ, ಎರಡು ಸಾವಿರದ ಒಂಬೈನೂರರದ್ದು!"

"ಅವು ಗಿರಾಕಿಗಳಿಗೆ."

"ಹಂಗಂತ ಯಾವಾಗ ಅಂದೆ ನಾನು?"

"ಬಾಯಲ್ಲಿ ಅಂದಿಲ್ಲ." ಅವಳು ತಟ್ಟೆಯ ಸ್ಟ್ಯಾಂಡಿನ ಮುಂದೆ ಹೋಗಿ ನಿಂತಳು. ಒಂದೊಂದೇ ತಟ್ಟೆ ತೆಗೆದು ಮೇಜಿನ ಮೇಲೆ ಹರವಿದಳು. ಅಂಗಡಿಯಲ್ಲಿರುವ ಹೆಸರು ಕೊರೆಯುವ ಮಿಷಿನ್ನಿನಲ್ಲಿ ತಪ್ಪಾಗಿ ಕೊರೆದು, ಗಿರಾಕಿಗಳು ಬೇಡವೆಂದು ಬಿಟ್ಟುಹೋದ ತಟ್ಟೆಗಳು. "ಇದು ಯಾರೋ ದಿವಾಕರಂದು. ದಿವಕಾರ ಅಂತ ಕೊರೆದಿದ್ದೀರಿ. ಇದು ಗೌರಮ್ಮನ ಮನೆಯ ಗೃಹಪ್ರವೇಶದ್ದು, ತಾರೀಕು ತಪ್ಪು. ಇದು ಯಾವುದೋ ಮದುವೆದು, ಗಂಡಿನ ಹೆಸರೇ ಬಿಟ್ಟುಹೋಗೈತೆ. ಮೂವತ್ತೈದು ವರ್ಷದಿಂದ ಈ ಮನೇಲಿ ಉಣ್ತಿದೀನಿ. ಇದರಲ್ಲಿ ನನ್ನ ತಟ್ಟೆ ಯಾವುದು? ತೋರ್ಸಿ."

ನಾಗರಾಜು ಒಂದು ತಟ್ಟೆಯನ್ನು ಎತ್ತಿ ನೋಡಿ ಕೆಳಗಿಟ್ಟ.

"ಯಾರಿಗೂ ಬೇಡದ್ದು ಮನೆಗೆ ಬರ್ತದೆ," ಎಂದಳು ಅವಳು, ದನಿ ಏರಿಸದೆ. "ನಾನು ಒಂದು ದಿನಾನಾದ್ರೂ ನಿಮ್ಮ ಅಂಗಡೀಲಿ ನಿಂತು, ಇದು ಬೇಡ ಅದು ಬೇಕು ಅಂದಿದ್ದೀನಾ?"

"ವ್ಯಾಪಾರ ಮಾಡೋರ ಮನೆ ಹಂಗೇ ಇರ್ತದೆ. ಪೋಲು ಮಾಡಿದ್ರೆ ಉಳೀತಿರ್ಲಿಲ್ಲ," ಎಂದ ನಾಗರಾಜು. "ಒಂದಕ್ಕೆ ಒಂದೂವರೆ ಕೊಟ್ಟು ತರೋದು ಯಾವ ಬುದ್ಧಿ?"

"ಗಣಪತಿ ಹಬ್ಬದಲ್ಲಿ ಸಂಘದವರು ಕಳಸದ ತೆಂಗಿನಕಾಯಿ ಹರಾಜು ಹಾಕಿದ್ರು. ನೀವು ಎಷ್ಟು ಕೊಟ್ರಿ?"

"ಅದು ದೇವರದ್ದು."

"ನಾಲ್ಕು ಸಾವಿರದ ಐನೂರು. ಸಂತೇಲಿ ಕಾಯಿಗೆ ನಲವತ್ತು. ಅಪ್ಪಯ್ಯ ನಾಲ್ಕು ಸಾವಿರದ ನಾನೂರು ಅನ್ನದೇ ಇದ್ದಿದ್ರೆ ನೀವು ಅಷ್ಟು ದೇವರಿಗೆ ಕೊಡ್ತಿದ್ರಾ?"

ಲೋಹಿತ್ ನಗು ತಡೆಯಲು ಹೋಗಿ ಕೆಮ್ಮಿದ. ನಾಗರಾಜು ಅವನ ಕಡೆ ತಿರುಗಿ, "ನಗ್ತೀಯ? ಆ ಫೋನಿಂದ ಅದನ್ನ ಕಿತ್ತು ಹಾಕು. ಈಗಲೇ," ಎಂದು ಗುಡುಗಿದ.

ಲೋಹಿತ್ ಅಮ್ಮನ ಮುಖ ನೋಡಿದ. ಅವಳೇ ಫೋನು ಎತ್ತಿ ಅವನ ಕೈಗಿಟ್ಟಳು.

ಆ ಸಂಜೆ ಅರ್ಧ ಒತ್ತಿದ ಶಾವಿಗೆಯನ್ನೇ ಬೆಲ್ಲದ ಕಾಯಿಹಾಲಿನಲ್ಲಿ ತಿಂದರು. ಯಾರೂ ಇನ್ನೊಂದು ಸಲ ಹಾಕಿಸಿಕೊಳ್ಳಲಿಲ್ಲ.

*

ಕಾಳಮ್ಮ ಮುನಿಸು ತೋರಿಸಲಿಲ್ಲ. ಹೊತ್ತಿಗೆ ಸರಿಯಾಗಿ ತಿಂಡಿ, ಊಟ ಎಲ್ಲ ಆಗುತ್ತಿತ್ತು. ಆದರೆ ಹಪ್ಪಳ ನಿಂತಿತು. ಮಧ್ಯಾಹ್ನ ಅವಳು ತಾರಸಿಗೆ ಹೋಗಿ ಬರಿಗೈಲಿ ಕೂತಿರುತ್ತಿದ್ದಳು. ತೋಟಗಳ ಹೂವು ಕಂದುಬಣ್ಣಕ್ಕೆ ತಿರುಗಿ ಉದುರಿಹೋಗಿತ್ತು. ಕಂಪಿನ ಜಾಗದಲ್ಲಿ ಒಣಗಿದ ಹುಲ್ಲಿನಂಥ ಒಂದು ವಾಸನೆ ಉಳಿದಿತ್ತು. ಹಗಲಿಡೀ ಬೆಳ್ಳಗೆ ಮಂಕಾದ ಆಕಾಶ. ಪುಷ್ಪಗಿರಿಯ ಕಡೆಯ ಬೆಟ್ಟಗಳು ಇವೆಯೋ ಇಲ್ಲವೋ ಎನ್ನುವ ಹಾಗೆ ಕಾಣುತ್ತಿದ್ದವು. ಅವಳು ಅತ್ತ ನೋಡುತ್ತ, ತಾನು ಇದ್ದಕ್ಕಿದ್ದಂತೆ ಕಾಣದೆ ಹೋದದ್ದಕ್ಕೆ ವೀಣಾ ಏನು ಅಂದುಕೊಂಡಳೋ ಎಂದುಕೊಳ್ಳುತ್ತಿದ್ದಳು.

ನಾಗರಾಜುವಿಗೆ ಇದು ಜಗಳಕ್ಕಿಂತ ಕಷ್ಟವಾಯಿತು. ಊಟದ ಹೊತ್ತಿನಲ್ಲಿ ತಟ್ಟೆಯ ಅಂಚನ್ನು ತಿರುಗಿಸಿ ಹೆಸರು ಓದುವ ಅಭ್ಯಾಸ ಅವನಿಗೇ ಗೊತ್ತಿಲ್ಲದಂತೆ ಬಂದಿತ್ತು. ಒಂದು ದಿನ, "ಹಪ್ಪಳ ಯಾಕೆ ಮಾಡ್ತಿಲ್ಲ?" ಎಂದು ಕೇಳಿದ.

"ಮಾಡಿ ಏನು ಮಾಡ್ಲಿ?"

ಅವನು ತಟ್ಟೆಯ ಅಂಚನ್ನು ಇನ್ನೊಂದು ಸುತ್ತು ತಿರುಗಿಸಿದ.

ಆ ರಾತ್ರಿಯೂಟದ ಪಾತ್ರೆ ತೊಳೆಯುತ್ತ ಸೌಮ್ಯ ಅತ್ತೆಗೆ ಮೆಲ್ಲಗೆ ಹೇಳಿದಳು. ಅವಳ ಅಂಗೈಯ ಸುಟ್ಟ ಗಾಯ ಒಣಗಿ ಹೊಸ ಚರ್ಮ ಬಂದಿತ್ತು. "ಆ ಒರಳು ಮಾರಾಟ ಆಗಿಲ್ಲ ಅತ್ತೆ. ಗೆದ್ದವರು ದುಡ್ಡು ಕಟ್ಟಲಿಲ್ಲವಂತೆ, ಈ ಭಾನುವಾರ ಮತ್ತೆ ಹಾಕ್ತಾರೆ. ನನ್ನ ಫೋನಲ್ಲಿ ನಿಮ್ಮ ಹೆಸರು ಹಾಕಿಕೊಡ್ತೀನಿ. ಆದ್ರೆ ಒಂದು ಮಾತು. ಅಂಗಡಿ ರೇಟು ಎರಡು ಸಾವಿರದ ಒಂಬೈನೂರು. ಅದು ದಾಟಿದ್ರೆ ಬಿಡಬೇಕು. ಆಣೆ ಮಾಡಿ."

"ಆಣೆ ಯಾಕೆ? ಮಾತು ಕೊಟ್ಟೆ ಅಂದ್ರೆ ಕೊಟ್ಟೆ."

*

ಭಾನುವಾರ ಅಂಗಡಿಗೆ ಅರ್ಧ ದಿನ ರಜೆ. ನಾಲ್ಕು ಗಂಟೆಗೆ ಅತ್ತೆ ಸೊಸೆ ತಾರಸಿಯ ಮೇಲೆ ಚಾಪೆ ಹಾಸಿ ಕೂತಿದ್ದರು. ಲೋಹಿತ್ ಕೂಡ ಬಂದು ಗೋಡೆಗೊರಗಿದ. ಮೇಲಿನ ಕೋಣೆಯಲ್ಲಿದ್ದ ಖಾಲಿ ರಟ್ಟಿನ ಡಬ್ಬಗಳನ್ನು ನಾಳೆಯ ಸಂತೆಗೆ ಸಾಮಾನು ಕಟ್ಟಲೆಂದು ಇಳಿಸಲು ನಾಗರಾಜು ಹತ್ತಿ ಬಂದ. ಮೂರು ತಲೆಗಳು ಒಂದೇ ಫೋನಿನ ಮೇಲೆ ಬಾಗಿರುವುದನ್ನು ಕಂಡು ನಿಂತ. ಯಾರೂ ಫೋನು ಮುಚ್ಚಿಡಲಿಲ್ಲ.

"ಬಂದಾಯ್ತಾ ಮತ್ತೆ," ಎಂದ. ಆದರೂ ಡಬ್ಬ ಎತ್ತಿಕೊಂಡು ಇಳಿಯದೆ ಕತ್ತು ಚಾಚಿ ನೋಡಿದ. "ಇದೇನಾ ಒರಳು? ತೋರಿಸು. ಎರಡೂವರೆ ಕೆಜಿ ಅಂತಾರಾ? ಇರಲ್ಲ. ಕಾಲು ಟೊಳ್ಳು ಕಾಣ್ತದೆ."

"ಸಾವಿರದ ಎಂಟುನೂರು ಆಗೈತೆ. ಅತ್ತೆ ಮೇಲಿದ್ದಾರೆ," ಎಂದಳು ಸೌಮ್ಯ.

"ಆ ರೇಟಿಗೆ ಪರವಾಗಿಲ್ಲ." ಅವನು ರಟ್ಟಿನ ಡಬ್ಬವೊಂದನ್ನು ಎಳೆದು ಅದರ ಮೇಲೆ ಕೂತ.

ಪರದೆಯ ಮೇಲೆ ವೀಣಾ ಎಸ್. ಎಂಬ ಹೆಸರು ಮೂಡಿತು. ಎರಡು ಸಾವಿರ.

ಕಾಳಮ್ಮನ ಮುಖ ಅರಳಿತು. "ಬಂದ್ಲು ನೋಡು."

"ಯಾರು ಅವಳು?" ಎಂದ ನಾಗರಾಜು.

"ವೀಣಾ."

"ಯಾವ ಊರು?"

"ಗೊತ್ತಿಲ್ಲ."

ಎರಡು ಸಾವಿರದ ನೂರು. ಎರಡು ಸಾವಿರದ ಮುನ್ನೂರು. ಕೆಳಗೆ ಬೀದಿಯಲ್ಲಿ ಶನಿವಾರಸಂತೆಗೆ ಹೋಗುವ ಬಸ್ಸು ಹಾರನ್ನು ಮಾಡುತ್ತ ಹೋಯಿತು. ಬಿಸಿಲು ಟ್ಯಾಂಕಿನ ನೆರಳನ್ನು ಚಾಪೆಯಾಚೆಗೆ ಎಳೆದಿತ್ತು. ನಾಲ್ವರೂ ಬಿಸಿಲಲ್ಲೇ ಕೂತಿದ್ದರು, ಸರಿಯಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಗಡಿಯಾರದಲ್ಲಿ ಮೂರು ನಿಮಿಷ ಉಳಿದಿತ್ತು.

"ಎರಡು ಸಾವಿರದ ಎಂಟುನೂರು ಅಂದ್ಲು," ಎಂದ ಲೋಹಿತ್.

ಕಾಳಮ್ಮ ಎರಡು ಸಾವಿರದ ಒಂಬೈನೂರು ಒತ್ತಿದಳು. ಒಂದು ನಿಮಿಷ ಏನೂ ಆಗಲಿಲ್ಲ. ಅವಳ ಹೆಸರೇ ಮೇಲಿತ್ತು. ನಾಗರಾಜು ಕೂತ ಡಬ್ಬವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

ವೀಣಾ ಎಸ್., ಮೂರು ಸಾವಿರ.

"ಬಿಡಬೇಡ," ಎಂದ ನಾಗರಾಜು.

"ಮಾವ!" ಎಂದಳು ಸೌಮ್ಯ.

"ನೂರು ರೂಪಾಯಿ ತಾನೇ? ಹಾಕು. ಮೂರು ಸಾವಿರದ ನೂರು ಹಾಕು. ಇಷ್ಟು ಹೊತ್ತು ಕಾದು, ಯಾರೋ ಊರು ಕೇರಿ ಗೊತ್ತಿಲ್ಲದೋಳು ಕೊನೇ ಗಳಿಗೇಲಿ ಬಂದು ಎತ್ಕೊಂಡು ಹೋಗ್ತಾಳಾ? ಕಾಳಮ್ಮಾ, ಹಾಕು ಅಂದೆ!"

ಕಾಳಮ್ಮನ ಬೆರಳು ಪರದೆಯ ಮೇಲೆ ನಿಂತಿತ್ತು. ಅವಳು ಗಂಡನ ಮುಖವನ್ನು ನೋಡಿದಳು. ಅವನ ಹಣೆ ಬೆವೆತಿತ್ತು, ಕಣ್ಣು ಫೋನಿನಿಂದ ಕದಲುತ್ತಿರಲಿಲ್ಲ. ಗಣಪತಿ ಪೆಂಡಾಲಿನಲ್ಲಿ ಅವನ ಮುಖ ಹೀಗೇ ಇದ್ದಿರಬೇಕು. ಹನ್ನೆರಡು, ಹನ್ನೊಂದು, ಹತ್ತು. ಅವಳು ಬೆರಳು ತೆಗೆದು ಕೈಯನ್ನು ಮಡಿಲಲ್ಲಿಟ್ಟುಕೊಂಡಳು.

ಗಡಿಯಾರ ಸೊನ್ನೆಗೆ ಬಂತು. ವೀಣಾ ಎಸ್. ಗೆದ್ದಳು.

"ಯಾಕೆ ಬಿಟ್ಟೆ?" ನಾಗರಾಜು ಎದ್ದು ನಿಂತ. "ನಮ್ಮದೇ ಆಗಿತ್ತಲ್ಲ! ಕೈಗೆ ಬಂದದ್ದು ಹೋಯ್ತಲ್ಲ!"

ಮೂವರೂ ಅವನನ್ನೇ ನೋಡುತ್ತಿದ್ದರು. ಮೊದಲು ನಕ್ಕವಳು ಸೌಮ್ಯ. ಆಮೇಲೆ ಲೋಹಿತ್. ನಾಗರಾಜು ಕೂತಿದ್ದ ಡಬ್ಬ ಅವನ ಭಾರಕ್ಕೆ ಅಪ್ಪಚ್ಚಿಯಾಗಿತ್ತು. ಅದರ ಮೇಲೆ ಶಾವಿಗೆ ಒರಳಿನ ಚಿತ್ರವೂ, ಎರಡು ಸಾವಿರದ ಒಂಬೈನೂರು ಎಂಬ ಚೀಟಿಯೂ ಇದ್ದವು. ಅವನು ಅದನ್ನು ನೋಡಿ, ಹೆಂಡತಿಯನ್ನು ನೋಡಿ, ಮೆಲ್ಲಗೆ ಚಾಪೆಯ ತುದಿಯಲ್ಲಿ ಕೂತ.

"ಹಿಂಗಾಗ್ತದಾ?" ಎಂದು ಕೇಳಿದ.

"ಹ್ಞೂಂ. ಹಿಂಗೇ ಆಗೋದು," ಎಂದಳು ಕಾಳಮ್ಮ.

"ನಿಂಗೆ ಬೇಜಾರಾಗ್ಲಿಲ್ವಾ?"

"ಸೌಮ್ಯಂಗೆ ಮಾತು ಕೊಟ್ಟಿದ್ದೆ." ಅವಳು ಫೋನನ್ನು ಸೊಸೆಗೆ ಕೊಟ್ಟು ಬೆಟ್ಟದ ಕಡೆ ತಿರುಗಿದಳು. "ಅವಳ ಮನೇಲೂ ಒಳ್ಳೇದು ಒಂದೂ ಇಲ್ವೋ ಏನೋ. ಹೋಗ್ಲಿ, ಅವಳಿಗಾದ್ರೂ ಆಗ್ಲಿ."

ಯಾರೂ ಎದ್ದು ಹೋಗಲಿಲ್ಲ. ಬಹಳ ದಿನದ ಮೇಲೆ ನಾಲ್ವರೂ ಒಟ್ಟಿಗೆ ಕೂತಿದ್ದರು. ಬೆಳಕು ಜೇನಿನ ಬಣ್ಣಕ್ಕೆ ತಿರುಗಿತು. ಸೌಮ್ಯ ಕೆಳಗೆ ಹೋಗಿ ಹಿತ್ತಾಳೆ ಫಿಲ್ಟರಿನ ಕಾಫಿ ತಂದಳು. ನಾಗರಾಜು ಒಂದು ಗುಟುಕು ಕುಡಿದು, "ಇದಕ್ಕೆ ಸಾವಿರದ ನಾನೂರು ಅಲ್ವಾ?" ಎಂದ. ಇನ್ನೊಂದು ಗುಟುಕು ಕುಡಿದು, "ಚೆನ್ನಾಗಿಳೀತದೆ," ಎಂದ.

*

ಮಾರನೆಯ ದಿನ ಸಂತೆ. ಹತ್ತೂವರೆಗೆಲ್ಲ ಅಂಗಡಿ ತುಂಬಿತ್ತು. ಶಾಂತಳ್ಳಿ ಕಡೆಯ ಮದುವೆ ಮನೆಯವರು ಆರೇಳು ಜನ ಜೀಪು ಮಾಡಿಕೊಂಡು ಬಂದು, ಬೀಗರಿಗೆ ಕೊಡಲು ನೂರು ಚೊಂಬು ಬೇಕು ಎಂದು ನಿಂತಿದ್ದರು. ತಿಂಗಳಿನಿಂದ ಅಷ್ಟು ದೊಡ್ಡ ಗಿರಾಕಿ ಬಂದಿರಲಿಲ್ಲ.

ಕಾಳಮ್ಮ ಬೆಳಗಿನ ಪಾತ್ರೆ ತೊಳೆದಿಟ್ಟು ಸ್ನಾನ ಮಾಡಿದಳು. ನೇರಳೆ ಅಂಚಿನ ಸೀರೆ ಉಟ್ಟು, ಚೀಲ ಹಿಡಿದು, ಹಿತ್ತಿಲ ಬಾಗಿಲಿಂದ ಓಣಿಗಿಳಿದಳು. ಅಡುಗೆಮನೆಯಿಂದ ಅಂಗಡಿಗೆ ಇರುವುದು ಒಂದು ಪರದೆ ಮಾತ್ರ. ಅವಳು ಅದನ್ನು ಬಿಟ್ಟು, ಹೂವಿನವರನ್ನು ದಾಟಿ, ಬಾಳೆಕಾಯಿ ರಾಶಿಗಳನ್ನು ಬಳಸಿ, ಬೀದಿ ಸುತ್ತಿಕೊಂಡು ಅಂಗಡಿಯ ಮುಂಬಾಗಿಲಿಗೆ ಬಂದಳು. ಚಪ್ಪಲಿಯನ್ನು ಮೆಟ್ಟಿಲಲ್ಲಿ ಬಿಟ್ಟು ಒಳಗೆ ಹೆಜ್ಜೆಯಿಟ್ಟಳು.

ಲೋಹಿತ್ ತಕ್ಕಡಿಯಿಂದ ತಲೆಯೆತ್ತಿ ನೋಡಿ ಹಾಗೇ ನಿಂತ. ನಾಗರಾಜು ಚೊಂಬು ಎಣಿಸುವುದನ್ನು ನಿಲ್ಲಿಸಿದ.

"ಶಾವಿಗೆ ಒರಳು ತೋರ್ಸಿ," ಎಂದಳು ಕಾಳಮ್ಮ.

ಅವನು ಗಳಿಗೆ ಹೊತ್ತು ಅವಳನ್ನು ನೋಡಿದ. ಆಮೇಲೆ ಕೈ ಒರೆಸಿಕೊಂಡು ಏಣಿ ಹಾಕಿದ. ಮೇಲಿನ ಹಲಗೆಯಿಂದ ಒಂದು ಒರಳು ಇಳಿಸಿ, ಧೂಳು ಹೊಡೆದು ಗಲ್ಲಾದ ಮೇಲಿಟ್ಟ. ಅವಳು ಹಿಡಿ ತಿರುಗಿಸಿದಳು. ತಲೆಕೆಳಗು ಮಾಡಿ ತೂತುಗಳನ್ನು ಬೆಳಕಿಗೆ ಹಿಡಿದಳು. ಕಾಲಿನ ಸಂದಿಯಲ್ಲಿ ಉಗುರಿನಿಂದ ಕೆರೆದಳು.

"ಇಲ್ಲಿ ಗೀಚಿದೆ. ಬೇರೆ ತೋರ್ಸಿ."

ಎರಡನೆಯದನ್ನು ಇಳಿಸಿದ. ಹಿಡಿ ಬಿಗಿಯಾಯಿತು ಎಂದಳು. ಮೂರನೆಯದನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ, ಪಕ್ಕಕ್ಕಿಟ್ಟಳು.

"ಎಲ್ಲಾ ಒಂದೇ," ಎಂದ ಅವನು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ಇರ್ಲಿ. ಇನ್ನೊಂದು ಐತಲ್ಲ, ಅದನ್ನೂ ಇಳಿಸಿ."

ಮದುವೆ ಮನೆಯ ಯಜಮಾನ ವಾಚು ನೋಡಿಕೊಂಡು, "ಸ್ವಾಮಿ, ನಮ್ಮದು ಬೇಗ ಮಾಡಿ ಕಳಿಸಿಬಿಡಿ. ಜೀಪು ಕಾಯ್ತಾ ಇದೆ," ಎಂದ.

ನಾಗರಾಜು ಆಗಲೇ ಏಣಿಯ ಎರಡನೇ ಮೆಟ್ಟಿಲು ಹತ್ತಿದ್ದ. ಅಲ್ಲಿಂದಲೇ ತಿರುಗಿ ಹೇಳಿದ.

"ಸ್ವಲ್ಪ ತಾಳ್ಬೇಕು ನೀವು. ಇವರು ಇನ್ನೂ ನೋಡ್ತಾ ಇದಾರೆ."